ಹಣ ಬಂದಿದೆ, ಆಟದ ದಿನಗಳು ಬಂದಿಲ್ಲ

ನಮಸ್ಕಾರ. ಕಳೆದ ಮಳೆಗಾಲ ಮುಗಿದು ಗದ್ದೆಗಳು ಒಣಗುತ್ತಿದ್ದ ಹೊತ್ತಿನಲ್ಲಿ, ತಂಗಿಯ ಮಗಳಿಗೆ ಒಂದು ಲೆದರ್ ಚೆಂಡು ಕೊಡಿಸಬೇಕೆಂದು ಕಾಸರಗೋಡು ಪೇಟೆಯ ಮೂರು ಅಂಗಡಿಗಳನ್ನು ಹತ್ತಿ ಇಳಿದೆ. ಮೂರರಲ್ಲಿಯೂ ಚೆಂಡು ಇತ್ತು. ಅವಳಿಗೆ ಬೇಕಾದ ಚೆಂಡು ಒಂದರಲ್ಲಿಯೂ ಇರಲಿಲ್ಲ. ಪುರುಷರ ಕ್ರಿಕೆಟ್ಟಿನ ಚೆಂಡು 156ರಿಂದ 163 ಗ್ರಾಂ ತೂಗಬೇಕು, ಮಹಿಳೆಯರದ್ದು 140ರಿಂದ 151 ಗ್ರಾಂ; ಸುತ್ತಳತೆಯೂ ತುಸು ಕಡಿಮೆ. ಮೂರನೆಯ ಅಂಗಡಿಯವರು ನನ್ನ ಮಾತು ಕೇಳಿ, "ಹೆಣ್ಣುಮಕ್ಕಳಿಗೆ ಅಂತ ಬೇರೆ ಚೆಂಡು ಉಂಟಾ ಮಾಷ್ಟ್ರೇ?" ಎಂದು ನಿಜವಾದ ಕುತೂಹಲದಿಂದಲೇ ಕೇಳಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಕೇಳುವವರಿಲ್ಲದ ಸರಕನ್ನು ಯಾವ ವ್ಯಾಪಾರಿಯೂ ತರಿಸಿ ಇಡುವುದಿಲ್ಲ.

ಹತ್ತು-ಹದಿನೈದು ಗ್ರಾಮಿನ ವ್ಯತ್ಯಾಸ ಅಷ್ಟು ದೊಡ್ಡದೇ ಎಂದು ನಿಮಗೆ ಅನ್ನಿಸಬಹುದು. ಈ ಹುಡುಗಿಗೆ ಹದಿಮೂರು ವರ್ಷ. ಆಫ್ ಸ್ಪಿನ್ ಹಾಕುತ್ತಾಳೆ. ಹೊಲಿಗೆಯ ಮೇಲೆ ತೋರುಬೆರಳನ್ನೂ ನಡುಬೆರಳನ್ನೂ ಅಗಲಿಸಿ ಇಟ್ಟರೆ ಗಂಡಸರ ಚೆಂಡು ಅವಳ ಅಂಗೈಯಲ್ಲಿ ಕೂರುವುದಿಲ್ಲ, ಜಾರುತ್ತದೆ. ಜಾರದಂತೆ ಒತ್ತಿ ಹಿಡಿದರೆ ಚೆಂಡು ತಿರುಗುವುದಿಲ್ಲ. ಆರು ಓವರ್ ಹಾಕುವಷ್ಟರಲ್ಲಿ ತೋರುಬೆರಳಿನ ಪಕ್ಕದ ಚರ್ಮ ಸುಲಿದು ಕೆಂಪಾಗಿರುತ್ತದೆ. ಹಾಗಾಗಿ ಅವಳು ಇಷ್ಟು ದಿನ ಟೆನಿಸ್ ಚೆಂಡಿನಲ್ಲಿಯೇ ಆಫ್ ಸ್ಪಿನ್ ಹಾಕುತ್ತಿದ್ದಳು. ಟೆನಿಸ್ ಚೆಂಡಿನಲ್ಲಿ ಕಲಿತ ಸ್ಪಿನ್ ಜಿಲ್ಲಾ ತಂಡದ ಆಯ್ಕೆಯಲ್ಲಿ ಎಷ್ಟು ನಡೆಯುತ್ತದೆ ಎಂಬುದನ್ನು ಈ ಆಟ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ.

2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ವಿಶ್ವಕಪ್ ಎತ್ತಿದಾಗ ನಮ್ಮ ಊರಿನಲ್ಲಿಯೂ ಪಟಾಕಿ ಸಿಡಿಯಿತು. ಶಫಾಲಿ ವರ್ಮಾ ಅವರ 87 ರನ್, ದೀಪ್ತಿ ಶರ್ಮಾ ಅವರ ಅರ್ಧಶತಕ ಮತ್ತು ಐದು ವಿಕೆಟ್, ಇವುಗಳ ಬಗ್ಗೆ ಮಾತನಾಡುವವರು ಈಗ ಬೇಕಾದಷ್ಟು ಮಂದಿ ಇದ್ದಾರೆ. ನಾನು ಇಂದು ಮಾತನಾಡಬೇಕೆಂದಿರುವುದು ಆ ಮೆಟ್ಟಿಲಿಗಿಂತ ಕೆಳಗಿನ ವಿಷಯ: ರಾಜ್ಯ ತಂಡಗಳು, ಅವುಗಳ ಟೂರ್ನಿಗಳು, ಮತ್ತು ಆ ರಾಜ್ಯ ತಂಡಗಳಿಗೂ ಕೆಳಗೆ ಇರಬೇಕಾದ, ನಮ್ಮಂಥ ಗಡಿನಾಡಿನ ಮಟ್ಟಿಗೆ ಇಲ್ಲವೆಂದೇ ಹೇಳಬಹುದಾದ ಪಂದ್ಯಗಳು. ಮಹಿಳೆಯರ ದೇಶೀಯ ಕ್ರಿಕೆಟ್ಟಿಗೆ ಹಣ ಬಂದಿದೆ, ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಆಡುವ ದಿನಗಳು ಬಂದಿಲ್ಲ ಎಂಬುದೇ ನನ್ನ ವಾದ.

ಹಿಂದಿನದನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಅದೇ ವರ್ಷ ಪುಣೆಯಲ್ಲಿ ನಡೆದ ಮೊದಲ ಅಂತರರಾಜ್ಯ ಟೂರ್ನಿಯಲ್ಲಿ ಇದ್ದದ್ದು ಮೂರೇ ತಂಡಗಳು: ಮುಂಬಯಿ, ಮಹಾರಾಷ್ಟ್ರ, ಉತ್ತರ ಪ್ರದೇಶ. ಮೂರು ವರ್ಷ ಕಳೆಯುವಷ್ಟರಲ್ಲಿ, 1976ರಲ್ಲಿ, ಬೆಂಗಳೂರಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತ ತನ್ನ ಮೊದಲ ಟೆಸ್ಟ್ ಆಡಿತು. ನಾಯಕಿ ನಮ್ಮ ಕನ್ನಡದ ಹೆಣ್ಣುಮಗಳು ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಭಾರತಕ್ಕೆ ಮೊದಲ ಗೆಲುವೂ ಸಿಕ್ಕಿತು. ಕಾಯ್ದಿರಿಸದ ಬೋಗಿಗಳಲ್ಲಿ ಪ್ರಯಾಣ, ಡಾರ್ಮಿಟರಿಯ ನೆಲದ ಮೇಲೆ ನಿದ್ದೆ. ಆ ತಲೆಮಾರಿನವರು ಹೇಳುವ ಈ ಕಥೆಗಳನ್ನು ಇಂದಿನ ಹುಡುಗಿಯರು ಅಜ್ಜಿಕಥೆಯ ಹಾಗೆ ಕೇಳುತ್ತಾರೆ. 2006ರಲ್ಲಿ ಮಹಿಳಾ ಸಂಸ್ಥೆ ಬಿಸಿಸಿಐ ಜೊತೆ ವಿಲೀನವಾಯಿತು. ಅದಕ್ಕೆ ಒಂದು ವರ್ಷ ಮೊದಲು ವಿಶ್ವಕಪ್ ಫೈನಲ್ ತಲುಪಿದ ತಂಡದವರಿಗೆ ಪಂದ್ಯಕ್ಕೆ ಸಾವಿರ ರೂಪಾಯಿ ಸಿಕ್ಕಿತ್ತೆಂದು ಮಿಥಾಲಿ ರಾಜ್ ಅವರೇ ಹೇಳಿದ್ದಾರೆ.

ವಿಲೀನದ ನಂತರ 2006-07ರಲ್ಲಿ ಹಿರಿಯ ಮಹಿಳೆಯರ ಏಕದಿನ ಟ್ರೋಫಿ ಆರಂಭವಾಯಿತು, ಕೆಲವು ವರ್ಷಗಳಲ್ಲಿ ಟಿ20 ಟ್ರೋಫಿಯೂ ಬಂತು. ಏಕದಿನ ಟ್ರೋಫಿಯ ವಿಜೇತರ ಪಟ್ಟಿಯನ್ನು ಓದಲು ಕುಳಿತರೆ ಬೇಸರ ಬರುವಷ್ಟು ಸಲ ಒಂದೇ ಹೆಸರು ಸಿಗುತ್ತದೆ, ರೈಲ್ವೇಸ್, ಅಂದರೆ ಭಾರತೀಯ ರೈಲ್ವೆಯ ತಂಡ. ಮೊದಲ ಐದು ವರ್ಷವೂ ಅವರೇ. ನಡುವೆ ಒಮ್ಮೆ ದೆಹಲಿ, ಒಮ್ಮೆ ಬಂಗಾಳ, 2024-25ರಲ್ಲಿ ಮಧ್ಯಪ್ರದೇಶ ಗೆದ್ದವು ಎಂಬುದನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ರೈಲ್ವೇಸ್ ಪಾಲು. ಇದನ್ನು ಏಕಸ್ವಾಮ್ಯ ಎಂದು ಟೀಕಿಸುವವರಿದ್ದಾರೆ. ನನಗೆ ಆ ಟೀಕೆ ಅರ್ಧ ಸರಿ ಅನ್ನಿಸುತ್ತದೆ. ಒಳ್ಳೆಯ ಆಟಗಾರ್ತಿಯರೆಲ್ಲ ಒಂದೇ ತಂಡ ಸೇರಿದರೆ ರಾಜ್ಯ ತಂಡಗಳು ಸೊರಗುತ್ತವೆ, ರೈಲ್ವೇಸ್ ಬೆಂಚಿನ ಮೇಲೆಯೂ ಎಷ್ಟೋ ಪ್ರತಿಭೆಗಳು ಕುಳಿತು ಕುಳಿತೇ ವಯಸ್ಸಾಗುತ್ತವೆ ಎಂಬುದು ನಿಜ. ಆದರೆ "ಆಡಿ ಹೊಟ್ಟೆ ತುಂಬುತ್ತದಾ?" ಎಂದು ಕೇಳುವ ತಂದೆಗೆ "ತುಂಬುತ್ತದೆ" ಎಂದು ಉತ್ತರ ಕೊಡಲು ದಶಕಗಳ ಕಾಲ ಈ ದೇಶದಲ್ಲಿ ಇದ್ದದ್ದು ಮುಖ್ಯವಾಗಿ ರೈಲ್ವೆಯ ಕ್ರೀಡಾ ಕೋಟಾದ ನೌಕರಿ. ತಿರುವನಂತಪುರದ ಆಶಾ ಶೋಭನಾ ಅವರು ಕೇರಳ ಬಿಟ್ಟು ರೈಲ್ವೇಸ್ ಸೇರಿ ಹೈದರಾಬಾದಿಗೆ ಹೋದರು, ಮುಂದೆ ಪುದುಚೇರಿಗೂ ಆಡಿದರು. 2024ರಲ್ಲಿ ಬೆಂಗಳೂರು ತಂಡದ ಪರವಾಗಿ ಮಹಿಳಾ ಪ್ರೀಮಿಯರ್ ಲೀಗ್ ಆದ ಡಬ್ಲ್ಯುಪಿಎಲ್‌ನಲ್ಲಿ ಐದು ವಿಕೆಟ್ ಕಿತ್ತು, ಭಾರತದ ಟಿ20 ಕ್ಯಾಪ್ ಧರಿಸುವಾಗ ಅವರಿಗೆ 33 ವರ್ಷ. ಆ ವಯಸ್ಸಿನವರೆಗೆ ಒಬ್ಬ ಲೆಗ್ ಸ್ಪಿನ್ನರ್ ಆಟ ಬಿಡದೆ ಉಳಿದದ್ದಕ್ಕೆ ಅವರ ಹಟ ಒಂದು ಕಾರಣವಾದರೆ, ಬೆನ್ನಿಗೆ ಒಂದು ಸಂಬಳ ಇದ್ದದ್ದೂ ಕಾರಣವೇ.

ಈಗ ಲೆಕ್ಕಕ್ಕೆ ಬರೋಣ. 2023ರಲ್ಲಿ ಬಿಸಿಸಿಐ ಮಹಿಳಾ ಏಕದಿನ ಟ್ರೋಫಿ ಗೆದ್ದ ತಂಡದ ಬಹುಮಾನವನ್ನು 6 ಲಕ್ಷದಿಂದ 50 ಲಕ್ಷಕ್ಕೂ, ಟಿ20 ಟ್ರೋಫಿಯದ್ದನ್ನು 5 ಲಕ್ಷದಿಂದ 40 ಲಕ್ಷಕ್ಕೂ ಏರಿಸಿತು. ವಿಶ್ವಕಪ್ ಗೆದ್ದ ಮರು ತಿಂಗಳು, 2025ರ ಡಿಸೆಂಬರಿನಲ್ಲಿ, ಹಿರಿಯ ಆಟಗಾರ್ತಿಯರ ದಿನದ ಸಂಭಾವನೆ 20,000 ಇದ್ದದ್ದು 50,000 ರೂಪಾಯಿ ಆಯಿತು. ಮೀಸಲು ಆಟಗಾರ್ತಿಯರಿಗೆ ಅದರ ಅರ್ಧ. ಟಿ20 ಪಂದ್ಯವಾದರೆ ಹನ್ನೊಂದರಲ್ಲಿ ಆಡುವವಳಿಗೆ 25,000. ಸಂತೋಷದ ಸುದ್ದಿಯೇ. ಆದರೆ ಇದು ದಿನಗೂಲಿ ಎಂಬುದನ್ನು ಮರೆಯಬಾರದು. ಹೆಸರು ಸಂಭಾವನೆ, ಗುಣ ದಿನಗೂಲಿಯದ್ದು. ಮೈದಾನಕ್ಕೆ ಇಳಿದ ದಿನ ಉಂಟು, ಇಳಿಯದ ದಿನ ಇಲ್ಲ. ಒಂದು ರಾಜ್ಯ ತಂಡ ಏಕದಿನ ಟೂರ್ನಿಯ ಲೀಗ್ ಹಂತದಲ್ಲಿ ಆಡುವುದು ಆರೋ ಏಳೋ ಪಂದ್ಯ, ಟಿ20ಯಲ್ಲಿಯೂ ಅಷ್ಟೇ. ಏಳೇಳು ಪಂದ್ಯಗಳೆಂದೇ ಹಿಡಿದು, ಒಂದನ್ನೂ ತಪ್ಪಿಸದೆ ಹನ್ನೊಂದರಲ್ಲಿ ಆಡಿದರೂ, ಮೂರೂವರೆ ಲಕ್ಷ ಮತ್ತು ಒಂದೂಮುಕ್ಕಾಲು ಲಕ್ಷ ಸೇರಿ ವರ್ಷಕ್ಕೆ ಐದೂಕಾಲು ಲಕ್ಷ. ನಾಕೌಟ್‌ಗೆ ಹೋಗದ ತಂಡದವಳಿಗೆ ಅಲ್ಲಿಗೆ ಋತು ಮುಗಿಯಿತು. ವರ್ಷದಲ್ಲಿ ಹದಿನಾಲ್ಕು ದಿನ! ಪುರುಷರ ರಣಜಿ ಟ್ರೋಫಿಯ ಏಳು ಲೀಗ್ ಪಂದ್ಯಗಳೇ ಇಪ್ಪತ್ತೆಂಟು ದಿನಗಳಾಗುತ್ತವೆ. ಅವರ ಏಕದಿನ, ಟಿ20 ಟೂರ್ನಿಗಳು ಅದರ ಮೇಲೆ.

ನನಗೆ ಚಿಂತೆ ಇರುವುದು ಸಂಭಾವನೆಗಿಂತ ಹೆಚ್ಚಾಗಿ ಆ ಹದಿನಾಲ್ಕು ಎಂಬ ಸಂಖ್ಯೆಯ ಬಗ್ಗೆ. ಬ್ಯಾಟಿಂಗ್ ಮಾಡುವವಳು ಹದಿನಾಲ್ಕು ಇನ್ನಿಂಗ್ಸಿನಲ್ಲಿ ನಾಲ್ಕು ಸಲ ಬೇಗ ಔಟಾದರೆ ತನ್ನ ದೋಷ ಯಾವುದೆಂದು ತಿಳಿದುಕೊಳ್ಳುವ ಮೊದಲೇ ಋತು ಮುಗಿದಿರುತ್ತದೆ, ತಿದ್ದಿಕೊಂಡು ಮತ್ತೆ ಕ್ರೀಸಿಗೆ ಬರಲು ಹನ್ನೆರಡು ತಿಂಗಳು ಕಾಯಬೇಕಾಗುತ್ತದೆ. ಬಹುದಿನಗಳ ಪಂದ್ಯದ ಅವಸ್ಥೆ ಇನ್ನೂ ವಿಚಿತ್ರ. ಮಹಿಳೆಯರ ಅಂತರವಲಯ ಬಹುದಿನ ಟೂರ್ನಿ ನಿಂತುಹೋಗಿ, ಆರು ವರ್ಷಗಳ ಬಳಿಕ 2024ರಲ್ಲಿ ಪುಣೆಯಲ್ಲಿ ಮತ್ತೆ ನಡೆಯಿತು, ಪೂರ್ವ ವಲಯ ಗೆದ್ದಿತು. ಆದರೆ ಅದಕ್ಕೆ ಕೆಲವೇ ತಿಂಗಳ ಮೊದಲು, 2023ರ ಡಿಸೆಂಬರಿನಲ್ಲಿ, ಇದೇ ಭಾರತ ತಂಡ ಇಂಗ್ಲೆಂಡನ್ನು 347 ರನ್ನುಗಳಿಂದಲೂ ಆಸ್ಟ್ರೇಲಿಯಾವನ್ನು ಎಂಟು ವಿಕೆಟ್‌ಗಳಿಂದಲೂ ಟೆಸ್ಟ್ ಪಂದ್ಯಗಳಲ್ಲಿ ಸೋಲಿಸಿತ್ತು. ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದ ಕರ್ನಾಟಕದ ಶುಭಾ ಸತೀಶ್ ಮೊದಲ ಇನ್ನಿಂಗ್ಸಿನಲ್ಲಿಯೇ 69 ರನ್ ಹೊಡೆದರು. ನೀರಿಗೆ ಇಳಿಸದೆ ಈಜು ಪರೀಕ್ಷೆಗೆ ಕಳುಹಿಸಿದಂತಾಯಿತು, ಮಕ್ಕಳು ಈಜಿ ದಡ ಸೇರಿದರು. ಸೇರಿದರಲ್ಲ, ಇನ್ನೇನು ತೊಂದರೆ ಎಂದು ಕೇಳುವವರಿಗೆ ನನ್ನಲ್ಲಿ ತಾಳ್ಮೆ ಸ್ವಲ್ಪ ಕಡಿಮೆ.

ಡಬ್ಲ್ಯುಪಿಎಲ್ ಇದೆಯಲ್ಲ ಎನ್ನಬಹುದು. 2023ರಿಂದ ನಡೆಯುತ್ತಿದೆ, ಐದು ತಂಡಗಳು, ತಂಡಕ್ಕೆ ಹೆಚ್ಚೆಂದರೆ ಹದಿನೆಂಟು ಮಂದಿ, ಅದರಲ್ಲಿ ಆರು ವಿದೇಶಿಯರು. ಉಳಿಯುವುದು ಅರುವತ್ತು ಭಾರತೀಯರಿಗೆ ಜಾಗ. ಇತ್ತ ದೇಶೀಯ ಟೂರ್ನಿಗಳಲ್ಲಿ ಮೂವತ್ತೈದಕ್ಕೂ ಹೆಚ್ಚು ತಂಡಗಳಿವೆ, ತಂಡಕ್ಕೆ ಹದಿನೈದರಂತೆ ಐನೂರು ದಾಟುತ್ತದೆ. ಆ ಮಿಕ್ಕ ನಾನೂರೈವತ್ತಕ್ಕೂ ಹೆಚ್ಚು ಮಂದಿಯ ಬದುಕು ಈ ಹದಿನಾಲ್ಕು ದಿನಗಳಲ್ಲಿಯೇ ತೀರ್ಮಾನವಾಗುತ್ತದೆ.

ಇನ್ನು ನಮ್ಮ ಕಡೆಗೆ. ಕಾಸರಗೋಡಿನಲ್ಲಿ ಕ್ರಿಕೆಟ್ ಇಲ್ಲವೆಂದು ಯಾರೂ ಹೇಳಲಾರರು. ತಳಂಗರೆಯ ಮುಹಮ್ಮದ್ ಅಜರುದ್ದೀನ್ 2021ರಲ್ಲಿ ಕೇರಳದ ಪರ ಮುಂಬಯಿ ವಿರುದ್ಧ 54 ಎಸೆತಗಳಲ್ಲಿ 137 ಹೊಡೆದು ಔಟಾಗದೆ ಉಳಿದದ್ದನ್ನು ಇಲ್ಲಿನ ಬಸ್‌ಸ್ಟಾಂಡಿನಲ್ಲಿ ಇಂದಿಗೂ ಎಸೆತ ಎಸೆತವಾಗಿ ವರ್ಣಿಸುವವರಿದ್ದಾರೆ. ಬದಿಯಡ್ಕದ ಸಮೀಪ ಮಾನ್ಯದಲ್ಲಿ ಕೇರಳ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ಕುಂಬಳೆಯಿಂದ ಉಪ್ಪಳದವರೆಗೆ ಬೇಸಗೆಯ ಶನಿವಾರ ರಾತ್ರಿಗಳಲ್ಲಿ ಹೊನಲು ಬೆಳಕಿನ ಅಂಡರ್‌ಆರ್ಮ್ ಟೂರ್ನಮೆಂಟುಗಳು ನಡೆಯುತ್ತವೆ, ಗಂಡುಮಕ್ಕಳಿಗೆ. ಅದೇ ಕೇರಳದ ವಯನಾಡನ್ನು ನೋಡಿ. ಕುರಿಚ್ಯ ಸಮುದಾಯದ ಮಿನ್ನು ಮಣಿ 2023ರಲ್ಲಿ ಬಾಂಗ್ಲಾದೇಶದ ಮೀರ್‌ಪುರದಲ್ಲಿ ಭಾರತಕ್ಕೆ ಆಡಿ, ತಮ್ಮ ಮೊದಲ ಓವರಿನಲ್ಲಿಯೇ ವಿಕೆಟ್ ಪಡೆದರು. ಮಾನಂದವಾಡಿಯ ಸಜನಾ 2024ರಲ್ಲಿ ಮುಂಬಯಿ ಪರ ತಮ್ಮ ಮೊದಲ ಡಬ್ಲ್ಯುಪಿಎಲ್ ಪಂದ್ಯದಲ್ಲಿ, ಕೊನೆಯ ಎಸೆತಕ್ಕೆ ಐದು ರನ್ ಬೇಕಿದ್ದಾಗ ಸಿಕ್ಸರ್ ಎತ್ತಿದರು. 2025ರಲ್ಲಿ 19ರ ವಯೋಮಿತಿಯ ವಿಶ್ವಕಪ್ ಗೆದ್ದ ತಂಡದಲ್ಲಿ ಅದೇ ಜಿಲ್ಲೆಯ ಜೋಶಿತಾ ಇದ್ದರು. ವಯನಾಡು ನಮಗಿಂತ ಶ್ರೀಮಂತ ಜಿಲ್ಲೆಯಲ್ಲ. ಅಲ್ಲಿ ಕೃಷ್ಣಗಿರಿಯಲ್ಲಿ ಒಂದು ಒಳ್ಳೆಯ ಮೈದಾನವಿತ್ತು. ಅದಕ್ಕಿಂತ ಮುಖ್ಯವಾಗಿ, ಗದ್ದೆಯಲ್ಲಿ ಹುಡುಗರ ಜೊತೆ ಆಡುತ್ತಿದ್ದ ಹೆಣ್ಣುಮಗುವನ್ನು ಕಂಡು ಕೈಹಿಡಿದು ಆಯ್ಕೆಗೆ ಕರೆದೊಯ್ದ ಒಬ್ಬ ದೈಹಿಕ ಶಿಕ್ಷಣ ಶಿಕ್ಷಕಿ ಮಾನಂದವಾಡಿಯ ಸರಕಾರಿ ಶಾಲೆಯಲ್ಲಿ ಇದ್ದರು.

ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಕಡಿಮೆ, ಆದ್ದರಿಂದ ಎಷ್ಟೋ ಕಡೆ ಆ ಹುದ್ದೆಯೇ ಇಲ್ಲ. ಗಣಿತದ ಟೀಚರ್ ಸೀಟಿ ಊದುತ್ತಾರೆ. ಅದರ ಮೇಲೆ ಭಾಷೆಯ ತೊಡಕು. ಎರಡು ವರ್ಷಗಳ ಹಿಂದೆ ಹುಡುಗಿಯರ ಆಯ್ಕೆ ಟ್ರಯಲ್ಸ್‌ನ ಸೂಚನೆ ಮಲಯಾಳದಲ್ಲಿ, ಮೂವರ ಕೈ ದಾಟಿ, ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ತಲುಪಿತು. ಓದಿ ಅರ್ಥ ಮಾಡಿಸಿಕೊಳ್ಳುವಷ್ಟರಲ್ಲಿ ಟ್ರಯಲ್ಸ್ ಮುಗಿದು ಎರಡು ದಿನವಾಗಿತ್ತು. ತಂಗಿಯ ಮಗಳು ಅಳಲಿಲ್ಲ, "ಮಾವ, ಇನ್ನು ಮುಂದಿನ ವರ್ಷವಾ?" ಎಂದಷ್ಟೇ ಕೇಳಿದಳು. ಯಾರದ್ದೂ ದುರುದ್ದೇಶವಿಲ್ಲ ಎಂದು ನಾನು ಬಲ್ಲೆ. ಕನ್ನಡದಲ್ಲಿ ನಾಲ್ಕು ಸಾಲು ಬರೆದು ಶಾಲೆಗೆ ಕಳುಹಿಸುವುದು ಯಾರ ಕೆಲಸವೆಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟೇ.

ಗಡಿಯಲ್ಲಿ ಎರಡು ಬಾಗಿಲುಗಳಿವೆ ಎನ್ನುತ್ತಾರೆ. ಮಂಗಳೂರಿನ ಕಾಲೇಜು ಸೇರಿದರೆ ಕರ್ನಾಟಕ ಸಂಸ್ಥೆಯ ಮಂಗಳೂರು ವಲಯಕ್ಕೆ ಆಡಬಹುದು. ವೇದಾ ಕೃಷ್ಣಮೂರ್ತಿ ಕಡೂರಿನಿಂದ, ರಾಜೇಶ್ವರಿ ಗಾಯಕವಾಡ ವಿಜಯಪುರದಿಂದ ಬಂದು ಭಾರತ ತಂಡ ಸೇರಿದ್ದು ಇದೇ ಕರ್ನಾಟಕ ಸಂಸ್ಥೆಯ ಮೂಲಕ. ಇಲ್ಲಿಯೇ ಉಳಿದರೆ ಕೇರಳ. ಸಂಜೆ ಮಾವೇಲಿ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಗಾಗುವಾಗ ತಿರುವನಂತಪುರ. ಆದರೆ ಎರಡೂ ಬಾಗಿಲಿನವರೆಗೆ ನಡೆದುಹೋಗಲು ಹದಿನಾರು ವರ್ಷದೊಳಗಿನವಳಿಗೆ ಮೊದಲು ಹತ್ತಾರು ಪಂದ್ಯ ಆಡಿದ ಅಭ್ಯಾಸ ಬೇಕು. ಅದಕ್ಕಾಗಿ ನಾನು ಕೇಳುವುದು ದೊಡ್ಡದೇನಲ್ಲ. ಉಪಜಿಲ್ಲೆಗೆ ನಾಲ್ಕು ಶಾಲೆಗಳ ಹೆಣ್ಣುಮಕ್ಕಳ ಲೀಗ್, ಡಿಸೆಂಬರಿನಿಂದ ಮಾರ್ಚ್‌ವರೆಗೆ ಶನಿವಾರ ಬೆಳಿಗ್ಗೆ, ಮ್ಯಾಟು ಹಾಸಿದ ಪಿಚ್ಚಿನ ಮೇಲೆ ಇಪ್ಪತ್ತು ಓವರು. ಬೆಳಿಗ್ಗೆಯೇ ಏಕೆಂದರೆ, ಇಲ್ಲಿನ ತಾಯಂದಿರ ಮೊದಲ ಪ್ರಶ್ನೆ ಕ್ರಿಕೆಟ್ಟಿನದ್ದಲ್ಲ, ಸಂಜೆಯ ಕೊನೆಯ ಬಸ್ಸಿನದ್ದು. ಹನ್ನೊಂದು ಹುಡುಗಿಯರು ಸಿಗದ ಶಾಲೆಯಲ್ಲಿ ಏಳು ಹುಡುಗಿಯರ ಜೊತೆ ನಾಲ್ಕು ಹುಡುಗರು ಆಡಲಿ. ರೋಹ್ಟಕ್‌ನಲ್ಲಿ ಶಫಾಲಿ ವರ್ಮಾ ಕೂದಲು ಕತ್ತರಿಸಿಕೊಂಡು ಹುಡುಗನ ವೇಷದಲ್ಲಿ ಆಡಬೇಕಾಯಿತು; ನಮ್ಮ ಮಕ್ಕಳು ಜಡೆ ಹಾಕಿಕೊಂಡೇ ಆಡಲಿ.

ಚೆಂಡಿನ ಮಾತು ಅರ್ಧಕ್ಕೆ ನಿಂತಿತ್ತು. ಕೊನೆಗೆ ಆನ್‌ಲೈನಿನಲ್ಲಿ ಸಿಕ್ಕಿತು, ಆದರೆ ಬಿಡಿಯಾಗಿ ಕೊಡುವುದಿಲ್ಲ, ಆರರ ಡಬ್ಬಿಯನ್ನೇ ಕೊಳ್ಳಬೇಕು ಎಂದರು. ಕೊಂಡೆ. ಒಂದು ಚೆಂಡು ಅಂಗಳದ ಗೋಡೆಗೆ ಬಡಿದು ಬಡಿದು ಬಣ್ಣ ಕಳೆದುಕೊಂಡಿದೆ. ಉಳಿದ ಐದು ಕಪಾಟಿನಲ್ಲಿವೆ, ಕಾಗದವನ್ನೂ ಬಿಚ್ಚಿಲ್ಲ. ಎದುರು ಆಡಲು ಇನ್ನೊಂದು ತಂಡ ಸಿಕ್ಕಿದ ದಿನ ಬಿಚ್ಚುತ್ತೇನೆಂದು ಅವಳು ಎತ್ತಿಟ್ಟಿದ್ದಾಳೆ.