ಹಾಡಿನೊಳಗಿನ ‘ನಾವು’ ಯಾರು?

ಎಲ್ಲರಿಗೂ ನಮಸ್ಕಾರ. ಆಸ್ಟ್ರೇಲಿಯಾದ ರಾಕ್ ತಂಡ ಮಿಡ್‌ನೈಟ್ ಆಯಿಲ್ ಅನ್ನು ಈ ಸಭೆಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಬೋಳುತಲೆಯ, ಆರಡಿ ಮೀರಿದ ಗಾಯಕ ಪೀಟರ್ ಗ್ಯಾರೆಟ್ ಮೈಮೇಲೆ ದೇವರು ಬಂದವರ ಹಾಗೆ ಕುಣಿಯುವುದನ್ನು ನೀವೆಲ್ಲ ನೋಡಿದ್ದೀರಿ. ಪೀಠಿಕೆ ಬಿಟ್ಟು 1987ರ ಅವರ ಆಲ್ಬಮ್ ‘ಡೀಸೆಲ್ ಅಂಡ್ ಡಸ್ಟ್’ಗೇ ಬರುತ್ತೇನೆ. ನಾನು ಕೇಳಬೇಕೆಂದು ಬಂದಿರುವುದು ಒಂದೇ ಪ್ರಶ್ನೆ: ಈ ಹಾಡುಗಳಲ್ಲಿ ‘ನಾವು’ ಅಂದರೆ ಯಾರು?

ತೆಲುಗಿನವರಿಗೆ ಈ ತಾಪತ್ರಯ ಇಲ್ಲ. ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಹೊರಗಿಟ್ಟರೆ ‘ಮೇಮು’. ನಮಗೆ ಎರಡಕ್ಕೂ ‘ನಾವು’. ಇಂಗ್ಲಿಷಿನಲ್ಲೂ ಅಷ್ಟೇ.

1985ರ ಅಕ್ಟೋಬರ್ 26ರಂದು ಆಸ್ಟ್ರೇಲಿಯಾದ ನಡುವಿನ ಉಲುರು ಬಂಡೆಯ ನೆಲ ಅದರ ಮೂಲ ಒಡೆಯರಾದ ಅನಂಗು ಜನರ ಕೈಗೆ ವಾಪಸ್ ಬಂತು. ಬಂತು ಅನ್ನುವಷ್ಟರಲ್ಲಿ 99 ವರ್ಷದ ಗುತ್ತಿಗೆಗೆ ಸರ್ಕಾರಕ್ಕೇ ಹೋಯಿತು ಅನ್ನಿ! ಆ ಸಂದರ್ಭದ ಸಾಕ್ಷ್ಯಚಿತ್ರಕ್ಕೆಂದು ಹುಟ್ಟಿದ ಹಾಡು ‘ದ ಡೆಡ್ ಹಾರ್ಟ್’. ಆಲ್ಬಮ್ ಬರುವುದಕ್ಕೆ ಒಂದು ವರ್ಷ ಮೊದಲೇ, 1986ರಲ್ಲಿ, ಅದು ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಂತು. ಅದರಲ್ಲಿ ‘ನಾವು’ ಅಂದರೆ ಮೂಲನಿವಾಸಿಗಳು. ಹಾಡುತ್ತಿರುವವರೋ ಸಿಡ್ನಿಯ ಬಿಳಿಯರು. ಇನ್ನೊಬ್ಬರ ನೋವಿಗೆ ‘ನಾವು’ ಅನ್ನಬಹುದೇ? ಆ ಹಾಡು ನನಗೆ ಇಷ್ಟ. ಆದರೂ ಆ ಜಾಗ ಬಂದಾಗಲೆಲ್ಲ ನನಗೆ ಒಳಗೇ ಕಸಿವಿಸಿ.

ಇನ್ನು ಒಂದು ಪ್ರವಾಸದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕ್ಷಮಿಸಬೇಕು. 1986ರಲ್ಲಿ ಮಿಡ್‌ನೈಟ್ ಆಯಿಲ್‌ನವರು ವಾರುಂಪಿ ಬ್ಯಾಂಡಿನ ಜೊತೆ ಮರುಭೂಮಿಗೆ ಹೊರಟರು. ವಾರುಂಪಿ ಅಂದರೆ ಪಪುನ್ಯಾ ಎಂಬ ಊರಿನ ತಂಡ. ಮೂಲನಿವಾಸಿ ಭಾಷೆಯೊಂದರಲ್ಲಿ, ಲುರಿಟ್ಜದಲ್ಲಿ, ಮೊದಲ ರಾಕ್ ಸಿಂಗಲ್ ತಂದವರು ಇವರೇ, 1983ರಲ್ಲಿ. ಕನ್ನಡದಲ್ಲಿ ರಾಕ್ ಹಾಡಬೇಕೆಂದು ಗುದ್ದಾಡುವ ನಮ್ಮ ಹುಡುಗರು ಈ ಮಾತು ಕೇಳಿಸಿಕೊಳ್ಳಲಿ. ಸಿಡ್ನಿಯ ಪಬ್ಬುಗಳಲ್ಲಿ ಜನ ಮುಗಿಬೀಳುತ್ತಿದ್ದ ಮಿಡ್‌ನೈಟ್ ಆಯಿಲ್ ಇಲ್ಲಿ ಪರವೂರ ನೆಂಟ. ಕೆಂಪು ಮಣ್ಣಿನ ಬಯಲಲ್ಲಿ ಜನಕ್ಕೆ ಬೇಕಿದ್ದದ್ದು ವಾರುಂಪಿ.

ಪಶ್ಚಿಮ ಮರುಭೂಮಿಯ ಪಿಂಟುಪಿ ಜನರನ್ನು ಸರ್ಕಾರ ಕರೆತಂದು ಇರಿಸಿದ್ದೂ ಇದೇ ಪಪುನ್ಯಾದಲ್ಲಿ. 1981ರ ಹೊತ್ತಿಗೆ ಅವರು ತಮ್ಮ ಸೀಮೆಗೆ ಮರಳಿ ಕಿಂಟೋರ್‌ನಲ್ಲಿ ನೆಲೆಯೂರಿದ್ದರು. ಅದೇ ಆಲ್ಬಮಿನ ‘ಬೆಡ್ಸ್ ಆರ್ ಬರ್ನಿಂಗ್’ ಹಾಡಿನಲ್ಲಿ ಬರುವ ಮುರುಕಲು ಹೋಲ್ಡನ್ ಕಾರುಗಳು, ಕುದಿಯುವ ಡೀಸೆಲ್ ಗಾಡಿಗಳು, 45 ಡಿಗ್ರಿ ಬಿಸಿಲು, ಎಲ್ಲವೂ ಆ ಪ್ರವಾಸದ ದಾರಿಯವೇ.

ಈಗ ನೋಡಿ, ನನ್ನ ‘ನಾವು’ ಮತ್ತೆ ಬಂತು. ಈ ಹಾಡಿನಲ್ಲಿ ನೆಲ ‘ಅವರದು’, ಅಂದರೆ ಆ ಮೂಲನಿವಾಸಿಗಳದು; ಹಿಂತಿರುಗಿಸಬೇಕಾದವರು ‘ನಾವು’. ಗ್ಯಾರೆಟ್ ಇಲ್ಲಿ ತನ್ನ ಜಾಗದಲ್ಲಿ ನಿಂತು ಹಾಡುತ್ತಾನೆ: ಬೆಂಕಿ ಬಿದ್ದಿರುವುದು ನಮ್ಮ ಹಾಸಿಗೆಗೆ, ನಿದ್ದೆ ಬರಬಾರದವರು ನಾವು. ಒಂದೇ ಆಲ್ಬಮ್, ಒಂದೇ ಪದ, ಎರಡು ದಡ. ಈ ಎರಡನೆಯ ದಡಕ್ಕಾಗಿಯೇ ಈ ಆಲ್ಬಮ್ ದೊಡ್ಡದು ಅಂತ ನನ್ನ ಗಟ್ಟಿ ನಂಬಿಕೆ. ಈ ಹಾಡು ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 17ನೇ ಸ್ಥಾನ ಮುಟ್ಟಿತು ಎನ್ನುವುದೆಲ್ಲ ಆಮೇಲಿನ ಮಾತು.

ಅಧ್ಯಕ್ಷರಿಂದ ಚೀಟಿ ಬಂದಿದೆ, ಐದು ನಿಮಿಷವಂತೆ. ನಿರ್ಮಾಪಕ ವಾರ್ನ್ ಲಿವ್ಸಿಯ ಕೈಚಳಕದ ಬಗ್ಗೆ ಬರೆದುಕೊಂಡ ಎರಡು ಪುಟ ಹಾಗೇ ಮಡಚಿಡುತ್ತೇನೆ. ‘ಪುಟ್ ಡೌನ್ ದಟ್ ವೆಪನ್’ ನೀವೇ ಕೇಳಿ. ‘ಡ್ರೀಮ್‌ವರ್ಲ್ಡ್’ ಕೇಳುವಾಗ, ಅದರಲ್ಲಿ ಹೆಸರು ಬರುವ, 1982ರಲ್ಲಿ ಕೆಡವಿದ ಬ್ರಿಸ್ಬೇನಿನ ಕ್ಲೌಡ್‌ಲ್ಯಾಂಡ್ ನೃತ್ಯಶಾಲೆ ನೆನಪಿರಲಿ.

2000ದ ಸಿಡ್ನಿ ಒಲಿಂಪಿಕ್ಸ್ ಸಮಾರೋಪವನ್ನು ಮಾತ್ರ ಬಿಡಲಾರೆ. ಆಗಿನ ಪ್ರಧಾನಿ ಜಾನ್ ಹೋವರ್ಡ್ ಮೂಲನಿವಾಸಿಗಳಿಗೆ ಆದ ಅನ್ಯಾಯಕ್ಕೆ ಅವರ ಕ್ಷಮೆ ಕೇಳಲು ಒಪ್ಪಿರಲಿಲ್ಲ. ಹೋವರ್ಡ್ ಎದುರಿಗೇ ತಂಡದ ಈ ಐವರು ಕಪ್ಪು ಬಟ್ಟೆಯಲ್ಲಿ ಬಂದು ನಿಂತರು. ಮೈತುಂಬ ಒಂದೇ ಪದ, ‘ಸಾರಿ’. ಹಾಡಿದ್ದು ‘ಬೆಡ್ಸ್ ಆರ್ ಬರ್ನಿಂಗ್’. ಸಂಸತ್ತಿನಲ್ಲಿ ಕ್ಷಮೆಯ ಮಾತು ಬರಲು 2008ರ ಫೆಬ್ರವರಿ 13ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಗ್ಯಾರೆಟ್ ಸ್ವತಃ ಮಂತ್ರಿ.

ರೆಕಾರ್ಡ್ ತಂದಿದ್ದೇನೆ. ಹೊದಿಕೆಯ ಮೇಲೆ ನೀಲಿ ಆಕಾಶದ ಕೆಳಗೆ ಪಾಳುಬಿದ್ದ ಒಂಟಿ ಮನೆ ಇದೆ, ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸಿ. ಸೂಜಿ ಇಟ್ಟ ಕೂಡಲೇ ತುತ್ತೂರಿಯ ಮೂರು ಹೊಡೆತ ಬೀಳುತ್ತವೆ. ದಯವಿಟ್ಟು ಯಾರಾದರೂ ಫ್ಯಾನ್ ಆರಿಸಿ.