ನೀಲಿ ಪರದೆ ಬಂದಾಗ ಮೊದಲು ಗಡಿಯಾರ ನೋಡಿ

ಕೇಳುಗರಿಗೆ ನಮಸ್ಕಾರ. ಮಡಿಕೇರಿಯಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್ ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆ ತುಂಬ ಬೂಷ್ಟು. ಹೋದ ಮಳೆಗಾಲದಲ್ಲಿ ಆ ಕಂಪ್ಯೂಟರ್ ನನ್ನನ್ನು ಆಡಿಸಿದ ಕಥೆ ಇವತ್ತು ಹೇಳುತ್ತೇನೆ.

ಅಜ್ಜ ಒಬ್ಬರು ಪಹಣಿ ತೆಗೆಸಲು ಬಂದಿದ್ದರು. ಸರ್ವೆ ನಂಬರ್ ಹೊಡೆದೆ. ಇನ್ನೇನು ಪ್ರಿಂಟ್ ಒತ್ತಬೇಕು, ಪರದೆ ಪೂರ್ತಿ ನೀಲಿ. ಮೇಲೊಂದು ಸಪ್ಪೆ ಮುಖ, ಕೆಳಗೆ ಇಂಗ್ಲಿಷಿನಲ್ಲಿ ಎರಡು ಮೂರು ಸಾಲು. ಓದುವಷ್ಟರಲ್ಲಿ ಆಫ್ ಆಗಿ, ತಾನೇ ಆನ್ ಆಯಿತು. "ಕರೆಂಟ್ ಹೋಯ್ತಾ ಮಗಾ?" ಅಂದರು ಅಜ್ಜ. ತಲೆ ಮೇಲೆ ಬಲ್ಬು ಉರಿಯುತ್ತಲೇ ಇತ್ತು.

ರಿಪೇರಿಗೆ ಕೊಟ್ಟೆ. ಫಾರ್ಮ್ಯಾಟ್ ಮಾಡಿಕೊಟ್ಟರು. ಎಂಟು ದಿನ ಸುಮ್ಮನಿತ್ತು, ಒಂಬತ್ತನೇ ದಿನ ಮತ್ತೆ ನೀಲಿ. ಮತ್ತೆ ಫಾರ್ಮ್ಯಾಟ್, ಮತ್ತೆ ದುಡ್ಡು. ಕನ್ನಡ ಟೈಪ್ ಮಾಡುವ ನುಡಿ, ಪ್ರಿಂಟರ್ ಸಾಫ್ಟ್‌ವೇರ್ ಎಲ್ಲ ಮತ್ತೆ ಹಾಕಿಕೊಳ್ಳಬೇಕು. ಮೂರನೇ ಸಲಕ್ಕೆ ನಾನು ಒಪ್ಪಲಿಲ್ಲ. ಜ್ವರ ಬಂದವರಿಗೆಲ್ಲ ಅಂಗಿ ಬದಲಾಯಿಸಿದ ಹಾಗಾಯಿತು, ಅಲ್ವಾ?

ಒಂದು ವಿಷಯ ತಿಳಿದುಕೊಳ್ಳಿ. ನೀಲಿ ಪರದೆಯೇ ರೋಗ ಅಲ್ಲ. ವಿಂಡೋಸಿನ ಒಳಭಾಗದಲ್ಲಿ ಏನೋ ಕೆಟ್ಟಿದೆ, ಹೀಗೇ ಮುಂದೆ ಹೋದರೆ ನಿಮ್ಮ ಫೈಲುಗಳೇ ಹಾಳಾಗಬಹುದು ಅಂತ ಗೊತ್ತಾದಾಗ ಅದು ತಾನಾಗಿ ನಿಂತುಬಿಡುತ್ತದೆ. ನಿಲ್ಲುವ ಮುಂಚೆ ಕಾರಣಕ್ಕೊಂದು ಹೆಸರು ಬರೆಯುತ್ತದೆ. ಅದಕ್ಕೆ ಸ್ಟಾಪ್ ಕೋಡ್ ಅನ್ನುತ್ತಾರೆ. ಹೊಸ ವಿಂಡೋಸ್ 11ರಲ್ಲಿ 2025ರಿಂದ ಪರದೆ ಕಪ್ಪಾಗಿದೆ, ಸಪ್ಪೆ ಮುಖವೂ ಇಲ್ಲ. ಆದರೂ ನಮ್ಮ ಬಾಯಲ್ಲಿ ಅದು ನೀಲಿಯೇ. ಓದಲು ಸಮಯ ಸಿಗಲಿಲ್ಲ ಅಂದರೆ ಮೊಬೈಲಿನಲ್ಲಿ ಫೋಟೋ ಹೊಡೆಯಿರಿ. ಅದೂ ತಪ್ಪಿಹೋದರೆ ವಿಂಡೋಸಿನ ಹುಡುಕುವ ಜಾಗದಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿ. ಯಾವ ದಿನ ಮಿಷನ್ ಬಿದ್ದಿದೆಯೋ ಆ ದಿನದ ಮೇಲೆ ಕೆಂಪು ಗುರುತು ಇರುತ್ತದೆ. ಅದೇ ದಿನ ಯಾವ ಅಪ್‌ಡೇಟ್ ಬಂದಿತ್ತು ಅನ್ನೋದೂ ಅಲ್ಲೇ ಕಾಣುತ್ತದೆ.

ನಾನು ಸಾಲದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆಯಲು ಶುರು ಮಾಡಿದೆ. ತಾರೀಕು, ಗಂಟೆ, ಪರದೆ ಮೇಲಿದ್ದ ಹೆಸರು. ಐದು ಸಾಲು ಆಗುವಷ್ಟರಲ್ಲಿ ಎರಡು ವಿಷಯ ಕಣ್ಣಿಗೆ ಬಿತ್ತು. ಐದೂ ಬೆಳಗ್ಗೆ 9ರಿಂದ 10ರ ಒಳಗೆ. ಮಧ್ಯಾಹ್ನದ ಮೇಲೆ ಒಂದೂ ಇಲ್ಲ. ಭಾನುವಾರ ಬಾಗಿಲು ಹಾಕಿ ಸೋಮವಾರ ತೆಗೆದರೆ ಖಂಡಿತ. ಹೆಸರು ಮಾತ್ರ ಬೇರೆ ಬೇರೆ. ಒಂದು ದಿನ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ದಿನ ಪೇಜ್ ಫಾಲ್ಟ್, ಮತ್ತೊಂದು ದಿನ ಬಾಯಿಗೆ ಬಾರದ ಇನ್ನೇನೋ.

ಇಲ್ಲೇ ಸುಳಿವು ಇರೋದು. ಪ್ರತಿ ಸಲ ಒಂದೇ ಹೆಸರು ಬಂದು, ಜೊತೆಗೆ ಡಾಟ್ ಎಸ್‌ವೈಎಸ್ ಅಂತ ಕೊನೆಯಾಗುವ ಒಂದೇ ಫೈಲಿನ ಹೆಸರೂ ಬಂದರೆ ಅದು ಜಾಸ್ತಿ ಸಲ ಡ್ರೈವರ್ ಸಮಸ್ಯೆ, ಅಂದರೆ ಒಂದೊಂದು ಬಿಡಿಭಾಗವನ್ನು ವಿಂಡೋಸಿಗೆ ಜೋಡಿಸುವ ಸಾಫ್ಟ್‌ವೇರಿನದು. ವೈಫೈದೋ, ಗ್ರಾಫಿಕ್ಸ್‌ದೋ ಇರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ರೋಲ್ ಬ್ಯಾಕ್ ಒತ್ತಿ ಹಳೇ ಡ್ರೈವರಿಗೆ ಹೋದರೆ ಆಯಿತು. 2024ರ ಜುಲೈ 19 ನೆನಪಿದೆಯಾ? ಇಲ್ಲಿ ಕೊಡಗಿನ ಕಕ್ಕಡ ತಿಂಗಳು ಆಗಷ್ಟೇ ಶುರುವಾಗಿತ್ತು. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಕಳಿಸಿದ ಒಂದು ಕೆಟ್ಟ ಫೈಲಿನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ನೀಲಿಯಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅವತ್ತು ಯಾವ ಮಿಷನಿನ ಬಿಡಿಭಾಗವೂ ಕೆಟ್ಟಿರಲಿಲ್ಲ.

ಹೆಸರು ದಿನಕ್ಕೊಂದು ಬದಲಾದರೆ ಮಾತ್ರ ನನಗೆ ಮಿಷನ್ ಮೇಲೇ ಅನುಮಾನ, ಅದರಲ್ಲೂ ಕೆಲಸದ ಹೊತ್ತಿಗೆ ವಿಷಯ ನೆನಪಿಟ್ಟುಕೊಳ್ಳುವ ಚಿಪ್ಪುಗಳ ಪಟ್ಟಿ, ಅಂದರೆ ರ‍್ಯಾಮ್ ಮೇಲೆ. ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಒಂದು ಪರೀಕ್ಷೆ ಒಳಗೇ ಇದೆ. ಬೇರೆ ಏನೂ ಹಾಕಿಕೊಳ್ಳಬೇಕಾಗಿಲ್ಲ. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಓಡಿಸಿದೆ. ಹಾರ್ಡ್‌ವೇರ್ ತೊಂದರೆ ಇದೆ ಅಂತ ಬಂತು.

ಪ್ಲಗ್ ಕಿತ್ತೆ. ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದೆ, ಒಳಗೆ ಉಳಿದ ಕರೆಂಟ್ ಹೋಗಲಿ ಅಂತ. ಕ್ಯಾಬಿನೆಟ್ಟಿನ ತಗಡು ಮುಟ್ಟಿದೆ, ನನ್ನ ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ ಅಂತ. ಎರಡು ಕಡೆಯ ಕ್ಲಿಪ್ ತಳ್ಳಿದರೆ ರ‍್ಯಾಮ್ ಟಕ್ ಅಂತ ಮೇಲೆ ಬಂತು. ಅದರ ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲುಗಳು ಇರುತ್ತವಲ್ಲ, ಅವು ಮಂಕಾಗಿದ್ದವು. ಅಂಗಡಿಯಲ್ಲೇ ಮಾರುವ ಪೆನ್ಸಿಲ್ ರಬ್ಬರ್ ತೆಗೆದು ಮೆತ್ತಗೆ ಉಜ್ಜಿದೆ. ಬಿಳೀ ರಬ್ಬರಿಗೆ ಕಪ್ಪು ಹತ್ತಿತು. ರಬ್ಬರಿನ ಪುಡಿ ಒಂದೂ ಉಳಿಯದ ಹಾಗೆ ಒಣಗಿದ ಬ್ರಷ್ಷಿನಲ್ಲಿ ಗುಡಿಸಿ, ಮತ್ತೆ ಟಕ್ ಅನ್ನುವ ತನಕ ಒತ್ತಿ ಕೂರಿಸಿದೆ. ಪರೀಕ್ಷೆ ಮತ್ತೆ ಓಡಿಸಿದೆ. ಈ ಸಲ ಏನೂ ತಪ್ಪಿಲ್ಲ ಅಂತ ಬಂತು. ಎರಡು ರ‍್ಯಾಮ್ ಇದ್ದರೆ ಒಂದನ್ನು ತೆಗೆದಿಟ್ಟು ಇನ್ನೊಂದನ್ನು ಪರೀಕ್ಷೆ ಮಾಡಿ, ಆಗ ಕಳ್ಳ ಯಾರು ಅಂತ ಗೊತ್ತಾಗುತ್ತದೆ.

ಬೆಳಗ್ಗೆ ಮಾತ್ರ ಯಾಕೆ? ನನ್ನ ಲೆಕ್ಕ ಇಷ್ಟು. ರಾತ್ರಿ ಅಂಗಡಿ ಮುಚ್ಚುವಾಗ ಜೋಪಾನ ಅಂತ ಕಂಪ್ಯೂಟರಿಗೆ ನಾನೇ ಪ್ಲಾಸ್ಟಿಕ್ ಕವರ್ ಹೊದಿಸುತ್ತಿದ್ದೆ. ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುವ ಊರು ನಮ್ಮದು. ತೇವವನ್ನು ಕವರಿನ ಒಳಗೆ ಕೂಡಿ ಹಾಕಿದ್ದು ನಾನೇ. ಮಧ್ಯಾಹ್ನದ ಹೊತ್ತಿಗೆ ಮಿಷನ್ ಬಿಸಿಯಾಗಿ ಒಣಗುತ್ತಿತ್ತು. ಈಗ ಹತ್ತಿಯ ಹಳೇ ಪಂಚೆ ಹಾಕುತ್ತೇನೆ. ಕ್ಯಾಬಿನೆಟ್ ನೆಲದ ಮೇಲಿಲ್ಲ, ಗೋಡೆಗೂ ತಾಗಿಲ್ಲ.

ಹಾಂ, ಹೆಸರಿನಲ್ಲಿ ಇನ್‌ಪೇಜ್ ಎರರ್ ಅಂತ ಕಂಡರೆ ರಬ್ಬರ್ ಹುಡುಕಬೇಡಿ. ಡಿಸ್ಕೇ ಕೆಡುತ್ತಿರಬಹುದು. ಮೊದಲು ಫೋಟೋ, ಲೆಕ್ಕಪತ್ರ ಎಲ್ಲ ಬೇರೆ ಕಡೆ ನಕಲು ಮಾಡಿಕೊಳ್ಳಿ. ರಿಪೇರಿ ಆಮೇಲೆ.

ಸಾಲದ ಪುಸ್ತಕದ ಆ ಹಾಳೆಯಲ್ಲಿ ಆಮೇಲೆ ಸೇರಿದ್ದು ಒಂದೇ ಸಾಲು. ಮಧ್ಯಾಹ್ನ 3 ಗಂಟೆ, ನೀಲಿ ಇಲ್ಲ, ಹೆಸರಿಲ್ಲ, ಸುಮ್ನೆ ಆಫ್. ಅದು ಕರೆಂಟಿನ ಆಟ. ಯುಪಿಎಸ್ ಬ್ಯಾಟರಿ ಸತ್ತಿದೆ. ಶುಕ್ರವಾರ ಸಂತೆ, ಅಂಗಡಿ ಬಿಡೋಕೆ ಆಗಲ್ಲ. ಶನಿವಾರ ಹೋಗಿ ತರಬೇಕು. ನಮಸ್ಕಾರ.