ಹತ್ತು ಗಂಟೆಯ ಲೇಓವರ್‌ನಲ್ಲಿ ಕೈಗೆ ಸಿಗುವುದು ಎಷ್ಟು?

ನಮಸ್ಕಾರ. ಇವತ್ತಿನ ಮಾತು ಲೇಓವರ್ ಬಗ್ಗೆ, ಅಂದರೆ ಒಂದು ವಿಮಾನ ಇಳಿದು ಮುಂದಿನದನ್ನು ಹತ್ತುವವರೆಗೆ ನಡುವೆ ಕಾಯುವ ಹೊತ್ತು. ಅಮೆರಿಕದಿಂದಲೋ ಯುರೋಪಿನಿಂದಲೋ ಏಷ್ಯಾಕ್ಕೆ ಹೊರಟ ಕುಟುಂಬ, ಜೊತೆಯಲ್ಲಿ ಚಿಕ್ಕ ಮಕ್ಕಳು, ವಯಸ್ಸಾದ ಅಪ್ಪ ಅಮ್ಮ. ದೋಹಾ, ಸಿಂಗಪುರ, ಹಾಂಗ್‌ಕಾಂಗ್, ಟೋಕಿಯೊ ಹೀಗೆ ಎಲ್ಲೋ ಒಂದು ಕಡೆ ವಿಮಾನ ಬದಲಿಸಬೇಕು. ಟಿಕೆಟ್ ಹುಡುಕುವಾಗ ಬಹಳ ಜನ ಒಟ್ಟು ಸಮಯ ಯಾವುದರಲ್ಲಿ ಕಡಿಮೆ ಅಂತ ನೋಡಿ ಅದನ್ನೇ ಆರಿಸುತ್ತಾರೆ. ಒಂದೂವರೆ ಗಂಟೆಯಲ್ಲಿ ಮುಂದಿನ ವಿಮಾನ ಸಿಗುತ್ತೆ, ಬೇಗ ಹೋಗಿ ಸೇರಬಹುದು ಅಂತ. ನನ್ನ ಅಭಿಪ್ರಾಯ ಬೇರೆ. ಕುಟುಂಬ ಸಮೇತ ಹೋಗುವವರಿಗೆ ಹಗಲು ಹೊತ್ತಿನ ಆರರಿಂದ ಹತ್ತು ಗಂಟೆಯ ಲೇಓವರೇ ಒಳ್ಳೆಯದು. ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ.

ಆ ಒಂದೂವರೆ ಗಂಟೆ ಹೇಗೆ ಕರಗುತ್ತೆ ನೋಡಿ. ನಿಮ್ಮ ಸೀಟು ಹಿಂದುಗಡೆ ಇದ್ದರೆ ಕೆಳಗಿಳಿಯುವಷ್ಟರಲ್ಲೇ ಇಪ್ಪತ್ತು ಇಪ್ಪತ್ತೈದು ನಿಮಿಷ ಹೋಗಿರುತ್ತೆ. ಅಜ್ಜಿಗೆ ವೀಲ್‌ಚೇರ್ ಹೇಳಿದ್ದೀರಾ? ವೀಲ್‌ಚೇರ್‌ನವರನ್ನು ಹತ್ತಿಸುವುದು ಎಲ್ಲರಿಗಿಂತ ಮೊದಲು, ಇಳಿಸುವುದು ಎಲ್ಲರ ಕೊನೆಗೆ. ಮಗುವಿನ ಸ್ಟ್ರಾಲರನ್ನು ವಿಮಾನದ ಬಾಗಿಲಲ್ಲಿ ಕೊಟ್ಟಿದ್ದರೆ ಅದು ಬಾಗಿಲಿಗೇ ವಾಪಸ್ ಬರುತ್ತೆ ಅನ್ನುವ ಖಾತ್ರಿ ಇಲ್ಲ. ಕೆಲವು ನಿಲ್ದಾಣಗಳಲ್ಲಿ ಅದು ಕೊನೆಯ ಊರಿನ ಬೆಲ್ಟಿಗೇ ಹೋಗುತ್ತೆ, ಮಗುವನ್ನು ಎತ್ತಿಕೊಂಡೇ ಓಡಬೇಕಾಗುತ್ತೆ. ಇದಾದ ಮೇಲೆ ಮತ್ತೊಂದು ಭದ್ರತಾ ತಪಾಸಣೆ, ಟರ್ಮಿನಲ್ ಬದಲಿಸಲು ರೈಲು. ಅತ್ತ ಗೇಟು ಮುಚ್ಚುವುದು ವಿಮಾನ ಹೊರಡುವ ಹೊತ್ತಿಗಲ್ಲ, ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಮುಂಚೆ. ಒಬ್ಬರೇ ಪ್ರಯಾಣಿಸುವಾಗ ವಿಮಾನ ತಪ್ಪಿದರೆ ಮುಂದಿನದರಲ್ಲಿ ಒಂದು ಸೀಟು ಹೇಗೋ ಸಿಗುತ್ತೆ. ಐದು ಜನರಿಗೆ ಒಟ್ಟಿಗೆ ಐದು ಸೀಟು ಸಿಗುವುದು ಕಷ್ಟ. ಆಗ ಕುಟುಂಬವನ್ನೇ ಎರಡು ವಿಮಾನಗಳಿಗೆ ಹಂಚುತ್ತಾರೆ.

ಸರಿ, ಹತ್ತು ಗಂಟೆಯದ್ದೇ ತೆಗೆದುಕೊಂಡಿರಿ ಅಂತಿಟ್ಟುಕೊಳ್ಳೋಣ. ಊರು ನೋಡೋಕೆ ಹತ್ತು ಗಂಟೆ ಸಿಗಲ್ಲ. ಒಂದು ಕಾಗದ ತಗೊಂಡು ಕಳೆಯುತ್ತಾ ಬನ್ನಿ. ವಿಮಾನದಿಂದ ಇಳಿದು ಇಮಿಗ್ರೇಶನ್ ಸಾಲು, ಅಂದರೆ ಆ ದೇಶದೊಳಗೆ ಬಿಡುವ ಮುಂಚೆ ಪಾಸ್‌ಪೋರ್ಟ್ ನೋಡುವ ಸಾಲು ಸೇರಲು ಅರ್ಧ ಗಂಟೆ. ಆ ಸಾಲಿನಲ್ಲಿ ಮುಕ್ಕಾಲು ಗಂಟೆ. ಊರಿಗೆ ಹೋಗಲು ಮುಕ್ಕಾಲು, ಬರಲು ಮುಕ್ಕಾಲು. ವಾಪಸ್ ನಿಲ್ದಾಣಕ್ಕೆ ಬಂದ ಮೇಲೆ ಎರಡೂವರೆ ಗಂಟೆ ಕೈಯಲ್ಲಿರಲೇಬೇಕು. ಒಟ್ಟು ಐದು ಕಾಲು ಗಂಟೆ ಹೋಯಿತು, ಉಳಿದದ್ದು ನಾಲ್ಕು ಮುಕ್ಕಾಲು. ಒಂದು ಜಾಗ ನೋಡಿ, ಕೂತು ಊಟ ಮಾಡಿ ಬರಲು ಇದು ಸಾಕು. ಎರಡು ಜಾಗ ಅಂದರೆ ಮಕ್ಕಳು ಅಳೋದು ಗ್ಯಾರಂಟಿ. ಲೇಓವರ್ ಆರು ಗಂಟೆಗಿಂತ ಕಡಿಮೆ ಇದ್ದರೆ ಹೊರಗೆ ಹೋಗುವ ಯೋಚನೆಯೇ ಬೇಡ.

ಊರಿಗೆ ಹೋಗುವ ಸಮಯ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. ಹಾಂಗ್‌ಕಾಂಗ್‌ನ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ರೈಲು 24 ನಿಮಿಷದಲ್ಲಿ ನಗರದ ನಡುವೆ ಇಳಿಸುತ್ತೆ. ಕೊರಿಯಾದ ಇಂಚೆನ್‌ನಿಂದ ಸೋಲ್ ಸ್ಟೇಷನ್ನಿಗೆ ಎಕ್ಸ್‌ಪ್ರೆಸ್ ರೈಲಿನಲ್ಲಿ ಒಂದನೇ ಟರ್ಮಿನಲ್‌ನಿಂದ 43 ನಿಮಿಷ, ಎರಡನೆಯದರಿಂದ 51.

ಹಗಲೋ ರಾತ್ರಿಯೋ ಅನ್ನುವುದು ಗಂಟೆಗಳ ಲೆಕ್ಕಕ್ಕಿಂತ ಮುಖ್ಯ. ಬೆಳಿಗ್ಗೆ ಹತ್ತಕ್ಕೆ ಶುರುವಾಗುವ ಒಂಬತ್ತು ಗಂಟೆಗೂ ರಾತ್ರಿ ಹನ್ನೊಂದಕ್ಕೆ ಶುರುವಾಗುವ ಒಂಬತ್ತು ಗಂಟೆಗೂ ಹೋಲಿಕೆಯೇ ಇಲ್ಲ. ಬ್ಯಾಂಕಾಕ್‌ನ ಸುವರ್ಣಭೂಮಿಯಿಂದ ಊರಿಗೆ ಹೋಗುವ ರೈಲು ಮಧ್ಯರಾತ್ರಿಗೆ ನಿಲ್ಲುತ್ತೆ. ಟೋಕಿಯೊದ ನರಿಟಾದಲ್ಲಿ ಮಧ್ಯರಾತ್ರಿಯಿಂದ ಬೆಳಿಗ್ಗೆ ಆರರವರೆಗೆ ವಿಮಾನಗಳೇ ಹಾರುವುದಿಲ್ಲ. ರಾತ್ರಿಯ ಲೇಓವರ್ ತಪ್ಪಿಸಲಾಗದಿದ್ದರೆ ಟ್ರಾನ್ಸಿಟ್ ಹೋಟೆಲ್ ಕಾದಿರಿಸಿ. ಅಲ್ಲಿ ದಿನದ ಲೆಕ್ಕ ಇರಲ್ಲ, ಗಂಟೆಗಳ ಲೆಕ್ಕದಲ್ಲಿ ಕೋಣೆ ಕೊಡುತ್ತಾರೆ. ಕಾದಿರಿಸುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಹೋಟೆಲ್ ಇಮಿಗ್ರೇಶನ್‌ನ ಒಳಗಿದೆಯಾ, ಹೊರಗಿದೆಯಾ? ಹೊರಗಿದ್ದರೆ ಆ ದೇಶಕ್ಕೆ ಪ್ರವೇಶಿಸುವ ಅನುಮತಿ ಬೇಕು. ಹೋಟೆಲಿಗೆ ದುಡ್ಡು ಕಟ್ಟಿ, ಮಕ್ಕಳನ್ನು ಕಟ್ಟಿಕೊಂಡು ಕುರ್ಚಿಯ ಮೇಲೆ ರಾತ್ರಿ ಕಳೆಯುವ ಕುಟುಂಬಗಳು ಎಡವಿರುವುದು ಇಲ್ಲೇ.

ಪಾಸ್‌ಪೋರ್ಟಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಕೇಳಿ. ಅಪ್ಪ ಅಮ್ಮನದು ಭಾರತದ ಪಾಸ್‌ಪೋರ್ಟ್, ಅಮೆರಿಕದಲ್ಲಿ ಹುಟ್ಟಿದ ಮಗುವಿನದು ಅಲ್ಲಿಯದೇ. ಇಂಥ ಮನೆಗಳು ಎಷ್ಟೋ ಇವೆ. ಚೀನಾ 2024ರ ಡಿಸೆಂಬರ್‌ನಿಂದ 240 ಗಂಟೆಯ ವೀಸಾರಹಿತ ಟ್ರಾನ್ಸಿಟ್ ಕೊಡುತ್ತಿದೆ. ಆ ಪಟ್ಟಿಯಲ್ಲಿ ಅಮೆರಿಕ ಇದೆ, ಭಾರತ ಇಲ್ಲ. ಅದಲ್ಲದೆ ಬಂದ ದೇಶಕ್ಕೇ ವಾಪಸ್ ಹೋಗುವವರಿಗೆ ಅದು ಸಿಗಲ್ಲ, ಮೂರನೆಯ ದೇಶಕ್ಕೋ ಪ್ರದೇಶಕ್ಕೋ ಟಿಕೆಟ್ ಇರಬೇಕು. ಸಿಂಗಪುರದಲ್ಲಿ, ಅಮೆರಿಕ, ಬ್ರಿಟನ್, ಕೆನಡಾ ಮುಂತಾದ ಕೆಲವು ದೇಶಗಳ ಚಾಲ್ತಿ ವೀಸಾ ಇರುವ ಭಾರತೀಯರು ಮೂರನೆಯ ದೇಶಕ್ಕೆ ಹೋಗುವಾಗ 96 ಗಂಟೆಯವರೆಗೆ ವೀಸಾ ಇಲ್ಲದೆ ಹೊರಗೆ ಬರಬಹುದು, ಆದರೆ ಕೊನೆಯ ಮಾತು ಕೌಂಟರಿನ ಅಧಿಕಾರಿಯದ್ದು. ಹಾಂಗ್‌ಕಾಂಗ್‌ಗೆ ಭಾರತದ ಪಾಸ್‌ಪೋರ್ಟಿನವರು ಹೊರಡುವ ಮುಂಚೆಯೇ ಆನ್‌ಲೈನ್ ನೋಂದಣಿ ಮಾಡಿಸಬೇಕು, ಅದು ಉಚಿತ. ಹಾಗಾಗಿ ಹೊರಗೆ ಹೋಗುವ ಯೋಜನೆ ಹಾಕುವಾಗ ಮನೆಯಲ್ಲಿ ಯಾರ ಪಾಸ್‌ಪೋರ್ಟಿಗೆ ಕಟ್ಟುಪಾಡು ಹೆಚ್ಚೋ ಅವರ ಲೆಕ್ಕ ಹಿಡಿಯಿರಿ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರ ಮತ್ತೊಮ್ಮೆ ಸರ್ಕಾರದ ಜಾಲತಾಣದಲ್ಲೇ ನೋಡಿ. ಸಿಂಗಪುರದ ಆಗಮನ ಕಾರ್ಡು ತುಂಬಲು ಒಂದು ಪೈಸೆ ಕೊಡಬೇಕಿಲ್ಲ, ಆದರೂ ಅದಕ್ಕೆ ದುಡ್ಡು ಕೀಳುವ ನಕಲಿ ತಾಣಗಳಿವೆ.

ಅಗ್ಗ ಸಿಕ್ಕಿತು ಅಂತ ಎರಡು ಬೇರೆ ಬೇರೆ ಟಿಕೆಟ್ ಮಾಡಿಸುವವರಿಗೆ ಒಂದು ಎಚ್ಚರಿಕೆ. ಆಗ ಲಗೇಜು ತಾನಾಗಿ ಮುಂದಿನ ವಿಮಾನಕ್ಕೆ ಹೋಗುತ್ತೆ ಅಂತ ನಂಬಿಕೊಳ್ಳಬೇಡಿ. ಸಾಮಾನ್ಯವಾಗಿ ನೀವೇ ಇಮಿಗ್ರೇಶನ್ ದಾಟಿ, ಬೆಲ್ಟಿನಿಂದ ತೆಗೆದು, ಮತ್ತೆ ಚೆಕ್‌ಇನ್ ಮಾಡಬೇಕು. ಅಂದರೆ ಆ ದೇಶಕ್ಕೆ ಪ್ರವೇಶಿಸುವ ಅನುಮತಿ ಬೇಕು. ಇಲ್ಲದಿದ್ದರೆ ಹೊರಡುವ ಊರಿನಲ್ಲೇ ವಿಮಾನ ಹತ್ತಿಸಿಕೊಳ್ಳುವುದಿಲ್ಲ. ಟೋಕಿಯೊದಲ್ಲಿ ಹನೇಡಾದಲ್ಲಿ ಇಳಿದು ನರಿಟಾದಿಂದ ಹತ್ತುವ ಟಿಕೆಟುಗಳು ಮಾರಾಟಕ್ಕಿರುತ್ತವೆ. ಅವೆರಡೂ ಊರಿನ ಎರಡು ದಿಕ್ಕಿನಲ್ಲಿವೆ. ಪರದೆಯ ಮೇಲೆ ಬರೀ ಟೋಕಿಯೊ ಅಂತ ಕಾಣುತ್ತೆ, ನಿಲ್ದಾಣದ ಮೂರಕ್ಷರದ ಕೋಡ್ ಎರಡೂ ಕಡೆ ಒಂದೇ ಇದೆಯಾ ಅಂತ ನೋಡಿಯೇ ದುಡ್ಡು ಕಟ್ಟಿ.

ಸಿಂಗಪುರದ ಚಾಂಗಿ ನಿಲ್ದಾಣದ ಬಗ್ಗೆ ಎಲ್ಲರೂ ಕೇಳುವುದರಿಂದ ಹೇಳುತ್ತೇನೆ. 40 ಮೀಟರ್ ಎತ್ತರದ ಒಳಾಂಗಣ ಜಲಪಾತ ಇರುವ ಜ್ಯುವೆಲ್ ಮಾಲ್ 2019ರಲ್ಲಿ ಶುರುವಾಯಿತು. ಅದು ಇಮಿಗ್ರೇಶನ್‌ನ ಹೊರಗಿದೆ, ಟ್ರಾನ್ಸಿಟ್ ಭಾಗದಿಂದ ನೇರವಾಗಿ ನಡೆದು ಹೋಗಲಾಗದು. ಹೊರಗೆ ಹೋಗಲಾಗದವರು ಬೇಸರ ಮಾಡಿಕೊಳ್ಳಬೇಡಿ, ಮೂರನೇ ಟರ್ಮಿನಲ್‌ನ ಚಿಟ್ಟೆ ತೋಟ ಒಳಗಡೆಯೇ ಇದೆ, ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. ಐದೂವರೆ ಗಂಟೆಗಿಂತ ಹೆಚ್ಚು, 24 ಗಂಟೆಗಿಂತ ಕಡಿಮೆ ಲೇಓವರ್ ಇರುವವರಿಗೆ ಎರಡೂವರೆ ಗಂಟೆಯ ಉಚಿತ ನಗರ ಪ್ರವಾಸವೂ ಇದೆ, ಸಿಂಗಪುರ ಪ್ರವೇಶಕ್ಕೆ ಅನುಮತಿ ಇದ್ದರೆ. ಇಂಚೆನ್, ತೈಪೆಯ ತಾವೊಯುವಾನ್‌ನಲ್ಲೂ ಇಂಥ ಉಚಿತ ಪ್ರವಾಸಗಳಿವೆ. ಕುಟುಂಬಕ್ಕೆ ಇವೇ ಸರಿ, ಯಾಕೆಂದರೆ ವೇಳೆಗೆ ವಾಪಸ್ ಕರೆತರುವ ಹೊಣೆ ಹೊತ್ತವರು ಜೊತೆಯಲ್ಲೇ ಇರುತ್ತಾರೆ.

ಚಾಂಗಿಯ ಒಂದು, ಎರಡು, ಮೂರನೇ ಟರ್ಮಿನಲ್‌ಗಳಲ್ಲಿ ಭದ್ರತಾ ತಪಾಸಣೆ ಇರುವುದು ಗೇಟಿನ ಬಾಗಿಲಲ್ಲೇ. ಒಳಗೆ ಕೊಂಡ ನೀರಿನ ಬಾಟಲಿಯನ್ನೂ ಅಲ್ಲಿ ಬಿಡಬೇಕಾಗುತ್ತೆ. ಮಗುವಿನ ಹಾಲನ್ನು ಬ್ಯಾಗಿನ ಮೇಲ್ಭಾಗದಲ್ಲಿಟ್ಟು, ಕೇಳುವ ಮುಂಚೆಯೇ ತೆಗೆದು ತೋರಿಸಿ. ಅದಕ್ಕೆ 100 ಮಿಲಿಲೀಟರ್ ನಿಯಮದಿಂದ ವಿನಾಯಿತಿ ಇದೆ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಪೆಟ್ಟಿಗೆಯಲ್ಲಿ ಬೇಡ. ಅದರ ಬೆನ್ನ ಮೇಲೆ ವ್ಯಾಟ್-ಅವರ್ ಬರೆದಿಲ್ಲದಿದ್ದರೆ ಹೀಗೆ ಲೆಕ್ಕ ಹಾಕಿ: 20,000 ಎಂಎಎಚ್ (mAh) ಅನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿದರೆ 74. ಮಿತಿ 100 ವ್ಯಾಟ್-ಅವರ್, ಹಾಗಾಗಿ ಇದು ನಡೆಯುತ್ತೆ. ಬರಹ ಅಳಿಸಿಹೋಗಿದ್ದರೆ ತಪಾಸಣೆಯವರು ಕಿತ್ತಿಟ್ಟುಕೊಳ್ಳಬಹುದು, ಅದಕ್ಕೆ ಹಳೆಯದನ್ನು ತರಲೇಬೇಡಿ. ಮತ್ತೆ ಗಸಗಸೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಅಡುಗೆ ಸಾಮಾನಿನ ಪೊಟ್ಟಣಗಳಲ್ಲಿ ಒಂದು ಚಮಚವೂ ಇರಬಾರದು.

ಒಂದೇ ಟಿಕೆಟ್ ಆದರೆ ಪೆಟ್ಟಿಗೆ ಕೊನೆಯ ಊರಿಗೆ ಹೋಗಿಬಿಡುತ್ತೆ ಅನ್ನುವುದು ನೆನಪಿರಲಿ. ಔಷಧ, ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ, ಪೂರ್ತಿ ಪ್ರಯಾಣಕ್ಕೆ ಮೂರು ಗಂಟೆಗೊಂದರಂತೆ ಡೈಪರ್, ಅದರ ಮೇಲೆ ಇನ್ನರ್ಧ ಪಾಲು ಕೈಯಲ್ಲೇ ಇರಲಿ.

ಇನ್ನು ಜನ. ದೀರ್ಘ ಲೇಓವರ್ ಬೇಕು ಅನ್ನಲು ನನಗೆ ಇದೇ ದೊಡ್ಡ ಕಾರಣ. ಓಡುವ ಕುಟುಂಬ ಯಾರನ್ನೂ ನೋಡುವುದಿಲ್ಲ. ಆಟದ ಮೂಲೆಯಲ್ಲಿ ಒಂದೇ ಜಾರುಬಂಡಿಗೆ ನಾಲ್ಕು ಭಾಷೆಯ ಮಕ್ಕಳು ಸಾಲು ನಿಲ್ಲುತ್ತಾರೆ, ಸರದಿ ತಪ್ಪಿದರೆ ಬೆರಳು ತೋರಿಸಿ ತಾವೇ ಸರಿಪಡಿಸಿಕೊಳ್ಳುತ್ತಾರೆ. ಅಲ್ಲೇ ಕೂತ ದೊಡ್ಡವರಿಗೆ ಒಂದು ನಗು ಸಾಕು, ಮಾತು ಶುರುವಾಗುತ್ತೆ. ಬೇರೆಯವರ ಮಕ್ಕಳ ಫೋಟೊ ಮಾತ್ರ ಕೇಳದೆ ತೆಗೆಯಬೇಡಿ.

ಭಾರತದ ಕಡೆ ಹೊರಡುವ ವಿಮಾನಗಳ ಹತ್ತಿರ ಇನ್ನೊಂದು ದೃಶ್ಯ ಕಾಣುತ್ತೆ. ಮಗನ ಮನೆಯಿಂದಲೋ ಮಗಳ ಮನೆಯಿಂದಲೋ ಒಬ್ಬರೇ ವಾಪಸ್ ಹೊರಟ ತಾಯಿ. ಪ್ಲಾಸ್ಟಿಕ್ ಕವರಿನಲ್ಲಿ ಪಾಸ್‌ಪೋರ್ಟ್, ಅದರೊಳಗೆ ನಾಲ್ಕು ಮಡಿಕೆಯ ಟಿಕೆಟ್ ಪ್ರತಿ, ಬೋರ್ಡಿಂಗ್ ಪಾಸಿನ ಮೇಲೆ ಪೆನ್ನಿನಲ್ಲಿ ಸುತ್ತು ಹಾಕಿದ ಗೇಟ್ ನಂಬರು. ಆ ನಂಬರು ಅಷ್ಟರಲ್ಲಿ ಬದಲಾಗಿರುತ್ತೆ. ಹಲವು ದೊಡ್ಡ ನಿಲ್ದಾಣಗಳಲ್ಲಿ ಈಗ ಪ್ರತಿ ವಿಮಾನಕ್ಕೂ ಮೈಕಿನಲ್ಲಿ ಕೂಗುವುದಿಲ್ಲ, ಪರದೆಯಲ್ಲಿ ನೋಡಿಕೊಳ್ಳಬೇಕು. ಅಂಥವರು ಕಂಡರೆ ಮುಂದೆ ಹೋಗಬೇಡಿ, ನಿಲ್ಲಿ. "ಅಮ್ಮಾ, ಯಾವ ಊರಿಗೆ ಹೊರಟಿದ್ದೀರಿ?" ಅಂತ ಕೇಳಿ. ಪರದೆಯ ಮುಂದೆ ಕರೆದುಕೊಂಡು ಹೋಗಿ ಹೊಸ ಗೇಟ್ ತೋರಿಸಿ, ಅದನ್ನು ದೊಡ್ಡದಾಗಿ ಬರೆದುಕೊಡಿ. ಅರ್ಜಿ ತುಂಬಿಕೊಡುವುದಿದ್ದರೆ ಅವರ ಪಕ್ಕದಲ್ಲೇ ಕೂತು ತುಂಬಿ, ಪಾಸ್‌ಪೋರ್ಟ್ ಅವರ ಕೈಗೇ ವಾಪಸ್ ಕೊಡಿ. ಚೀಲ ಮಾತ್ರ ನಿಮ್ಮ ಹೆಸರಿನಲ್ಲಿ ತಪಾಸಣೆಗೆ ಇಡಬೇಡಿ, ಅದು ಯಾರದೇ ಆಗಿರಲಿ. ಸಿಂಗಪುರದಂಥ ಕಡೆ ಮಾದಕ ವಸ್ತು ಸಾಗಣೆಗೆ ಮರಣದಂಡನೆಯವರೆಗೂ ಶಿಕ್ಷೆ ಇದೆ. ಚೀಲ ಭಾರ ಅಂದರೆ ಟ್ರಾಲಿ ತಂದುಕೊಡಿ. ಕೊನೆಗೆ ಗೇಟಿನ ಹತ್ತಿರ ವಿಮಾನ ಸಂಸ್ಥೆಯ ಸಿಬ್ಬಂದಿಗೆ ಅವರನ್ನು ತೋರಿಸಿ, ಒಬ್ಬರೇ ಇದ್ದಾರೆ, ಇಂಗ್ಲಿಷ್ ಬರಲ್ಲ ಅಂತ ಹೇಳಿ. ಅವರ ಫೋನಿಗೆ ನಿಲ್ದಾಣದ ವೈಫೈ ಹಾಕಿಕೊಟ್ಟರೆ ಮನೆಯವರ ಜೊತೆ ಒಂದು ಮಾತು ಆಡಿಯಾರು.